ಜೋಡು ಹೆಸರಿನ ಷೇರು

ಪುಣೆಯಲ್ಲಿ ನಾನು ನೌಕರಿ ಮಾಡುತ್ತಿದ್ದ ಕಂಪನಿ ಸೀಮೆಎಣ್ಣೆ ಸ್ಟೋವ್ ತಯಾರಿಸುತ್ತಿತ್ತು. ಸ್ಟೋವ್ ಚೆನ್ನಾಗಿಯೇ ಉರಿಯುತ್ತಿತ್ತಂತೆ. ನನಗೂ ಅದಕ್ಕೂ ಸಂಬಂಧವಿರಲಿಲ್ಲ. ನಾನಿದ್ದದ್ದು ಷೇರು ವಿಭಾಗದಲ್ಲಿ. ವಿಭಾಗ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ: ಎರಡು ಮೇಜು, ಒಂದು ಕಬ್ಬಿಣದ ಕಪಾಟು, ನಾನು ಮತ್ತು ಕಂಪನಿಯ ಸೆಕ್ರೆಟರಿ ಸಾಹೇಬರು. ಕಂಪನಿಯ ಷೇರುಗಳು ಯಾರ ಯಾರ ಹೆಸರಿನಲ್ಲಿವೆ ಎಂದು ಸದಸ್ಯರ ರಿಜಿಸ್ಟರಿನಲ್ಲಿ ದುಂಡಗೆ ಬರೆದಿಡುವುದು ನನ್ನ ಕೆಲಸ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಮರಾಠಿಯಲ್ಲಿ ಜಗಳವಾಡುವಷ್ಟು ಧೈರ್ಯ ಆಗಷ್ಟೇ ಬಂದಿತ್ತು.

ನಮ್ಮ ರಿಜಿಸ್ಟರಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ಷೇರುದಾರ ತೀರಿಕೊಂಡರೆ ಮನೆಯವರು ಕಾಗದಪತ್ರ ತಂದು ಹೆಸರು ಬದಲಾಯಿಸಿಕೊಳ್ಳಬೇಕು. ಅರ್ಧ ಜನಕ್ಕೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಬೇಜಾರು. ಹೀಗಾಗಿ ಸದಾಶಿವ ಪೇಠದ ಎಷ್ಟೋ ಹಿರಿಯರು ನದಿ ದಂಡೆಯಲ್ಲಿ ಬೂದಿಯಾಗಿ ವರ್ಷಗಳು ಕಳೆದರೂ ನಮ್ಮ ಕಪಾಟಿನಲ್ಲಿ ಆರೋಗ್ಯವಾಗಿದ್ದರು. ಚೇರ್ಮನ್ನರಿಗೆ ಇಂಥ ಸದಸ್ಯರೆಂದರೆ ಬಲು ಪ್ರೀತಿ. ಅವರು ಸಭೆಗೆ ಬರುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ವಡೆ ತಿನ್ನುವುದಿಲ್ಲ.

ಬದುಕಿರುವವರೂ ಬಾರದಂತೆ ನೋಡಿಕೊಳ್ಳಲು ಬೇರೆ ಉಪಾಯವಿತ್ತು. ವಾರ್ಷಿಕ ಸಭೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಇಡುತ್ತಿದ್ದರು. ಹೊರಗಿನವರಿಗೆ ಇದರ ಮರ್ಮ ತಿಳಿಯುವುದಿಲ್ಲ. ಆಗಿನ ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿಯವನು ಕೈಯಲ್ಲಿ ದುಡ್ಡು ಹಿಡಿದು ನಿಂತ ಗಿರಾಕಿಯನ್ನೂ ಹೊರಗೆ ಹಾಕಿ, ಬಾಗಿಲು ಎಳೆದುಕೊಂಡು ಮಲಗುತ್ತಿದ್ದ. ಆ ಹೊತ್ತಿನಲ್ಲಿ ಸಭೆ ಕರೆಯುವುದೂ ಒಂದೇ, ಬರಬೇಡಿ ಎಂದು ಕಾಗದ ಬರೆಯುವುದೂ ಒಂದೇ. ಸಭೆ ಸೇರುತ್ತಿದ್ದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ, ಅದೂ ಪಿತೃಪಕ್ಷದಲ್ಲಿ. ಆ ಹದಿನೈದು ದಿನ ಮದುವೆ ಮುಂಜಿ ಇಲ್ಲದ್ದರಿಂದ ಕಾರ್ಯಾಲಯ ಅರ್ಧ ಬಾಡಿಗೆಗೆ ಸಿಗುತ್ತಿತ್ತು. ಹಿರಿಯರಿಗೆ ಪಿಂಡ ಇಡುವ ದಿನಗಳಲ್ಲಿ ಡೈರೆಕ್ಟರುಗಳನ್ನು ಆರಿಸುವುದರಲ್ಲಿ ಯಾರಿಗೂ ಅಪಶಕುನ ಕಾಣಲಿಲ್ಲ.

ಆದರೆ ಯಾರೂ ಬಾರದಿದ್ದರೂ ನಡೆಯುವುದಿಲ್ಲ. ಕನಿಷ್ಠ ಐದು ಜನ ಸದಸ್ಯರು ಸ್ವತಃ ಬಂದು ಕೂತಿರಬೇಕು, ಇಲ್ಲವಾದರೆ ಅದು ಸಭೆಯೇ ಅಲ್ಲ ಎಂದು ಕಾಯಿದೆ ಹೇಳುತ್ತದೆ. ಇದಕ್ಕೆ ಕೋರಂ ಎನ್ನುತ್ತಾರೆ. ಬಾರದವರು ಇನ್ನೊಬ್ಬರ ಕೈಯಲ್ಲಿ ಪ್ರಾಕ್ಸಿ ಚೀಟಿ ಕೊಟ್ಟು ಕಳಿಸಿದರೆ ಅದು ಈ ಎಣಿಕೆಗೆ ಬರುವುದಿಲ್ಲ. ಅದಕ್ಕಾಗಿ ಚೇರ್ಮನ್ನರು ತಮ್ಮ ಮನೆಯ ಕೋರಂ ತಾವೇ ತರುತ್ತಿದ್ದರು: ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಮಗ, ಒಬ್ಬ ಸೋದರತ್ತೆ. ಎರಡು ಕಾರಿನಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕೂತು, ಹೇಳಿದಾಗ ಕೈ ಎತ್ತಿ, ಬಟಾಟೆ ವಡೆ ತಿಂದು ಹೋಗುತ್ತಿದ್ದರು. ಪ್ರತಿ ವರ್ಷ ಕೆಲವು ಡೈರೆಕ್ಟರುಗಳು ಸರದಿಯ ಮೇಲೆ ನಿವೃತ್ತರಾಗಬೇಕೆಂದೂ ಕಾಯಿದೆಯಿದೆ. ನಮ್ಮಲ್ಲಿ ನಿವೃತ್ತಿ ಎಂದರೆ ಕುರ್ಚಿಯಿಂದ ಒಮ್ಮೆ ಎದ್ದು ಅದೇ ಕುರ್ಚಿಯಲ್ಲಿ ಕೂರುವುದು. ಚೇರ್ಮನ್ನರ ಭಾವಮೈದುನರು ಅಷ್ಟೂ ಕಷ್ಟಪಡುತ್ತಿರಲಿಲ್ಲ. ಅವರು ಮುಂಬಯಿಯಲ್ಲಿ ಕೂತಲ್ಲೇ ನಿವೃತ್ತರಾಗಿ, ಕೂತಲ್ಲೇ ಮತ್ತೆ ಆರಿಸಿ ಬರುತ್ತಿದ್ದರು.

ಈ ಭಾವಮೈದುನರ ಕುರ್ಚಿಯ ಮೇಲೆ ನಮ್ಮ ಮಾವನವರ ಕಣ್ಣು ಬಿತ್ತು.

ಮಾವ ಖಡಕಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ರಿಟೈರ್ ಆದವರು. ಅಲ್ಲಿ ಅವರ ಸಹಿ ಬೀಳದೆ ಒಂದು ಮೊಳೆಯೂ ಹೊರಗೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಅವರನ್ನು ಕೇಳದೆಯೇ ಬದನೆಕಾಯಿ ಬರುತ್ತಿತ್ತು, ಅವರನ್ನು ಕೇಳದೆಯೇ ಎಣ್ಣೆಗಾಯಿ ಆಗುತ್ತಿತ್ತು. ಇದನ್ನು ಅವರಿಗೆ ಸಹಿಸಲಾಗಲಿಲ್ಲ. ಹಿಂದೆ ಕಂಪನಿ ಹೊಸದಾಗಿದ್ದಾಗ, ಅದನ್ನು ಕಟ್ಟಿದ ಈಗಿನ ಚೇರ್ಮನ್ನರ ತಂದೆ ಮನೆ ಮನೆಗೆ ಏಜಂಟರನ್ನು ಕಳಿಸಿ ಷೇರು ಮಾರಿಸಿದ್ದರು. ಅತ್ತೆ ತಮ್ಮ ಎರಡು ಬಂಗಾರದ ಬಳೆ ಬಿಚ್ಚಿಕೊಟ್ಟರು, ಮಾವ ಷೇರು ಕೊಂಡರು. ಜೋಡು ಹೆಸರಿನಲ್ಲಿ ತೆಗೆದುಕೊಳ್ಳಿ, ನಾಳೆ ಒಬ್ಬರು ಹೋದರೂ ಇನ್ನೊಬ್ಬರಿಗೆ ತಾಪತ್ರಯವಿಲ್ಲ ಎಂದು ಏಜಂಟ ಹೇಳಿದನಂತೆ. ಮೊದಲ ಹೆಸರು ಮಾವನದು, ಅದರ ಹಿಂದೆ ಅತ್ತೆಯದು. ಬಳೆ ಯಾರದೆಂದು ರಿಜಿಸ್ಟರಿನಲ್ಲಿ ಬರೆಯುವ ಪದ್ಧತಿಯಿಲ್ಲ.

“ವರ್ಷಕ್ಕೊಮ್ಮೆನೂ ಮೀಟಿಂಗಿಗೆ ಬರಲಾರದಾಂವ ಡೈರೆಕ್ಟರ್ ಆಗ್ತಾನಂದ್ರ, ನಾ ಯಾಕ ಆಗಬಾರದು?” ಎಂದು ಮಾವ ಒಂದು ದಿನ ಊಟದ ನಡುವೆ ಘೋಷಿಸಿದರು.

“ಆಗ್ರಿ. ಮೊದಲ ಆ ತಾಟ್ ತೊಳ್ಯಾಕ ಕೊಡ್ರಿ,” ಎಂದರು ಅತ್ತೆ.

ಕಂಪನಿಯನ್ನು ಸುಧಾರಿಸುವುದಕ್ಕಿಂತ ಬಾಗಿಲಿಗೆ ‘ಡೈರೆಕ್ಟರ್’ ಎಂಬ ಹಲಗೆ ಹೊಡೆಸುವ ಆಸೆಯೇ ಮಾವನಿಗೆ ಹೆಚ್ಚಿತ್ತು, ಇದನ್ನು ನಾನು ಮುಚ್ಚಿಡುವುದಿಲ್ಲ. ಹಲಗೆ ಎಷ್ಟು ಉದ್ದವಿರಬೇಕೆಂದು ಅವರು ಬಾಗಿಲಿಗೆ ಗೇಣು ಹಾಕಿ ಅಳೆದದ್ದನ್ನೂ ನೋಡಿದ್ದೇನೆ. ಆದರೂ ಸಂಜೆ ಗ್ಯಾಲರಿಯಲ್ಲಿ ನಿಂತು ಅವರು ಭಾಷಣ ಗಟ್ಟಿ ಮಾಡುವಾಗ ಮುಖದಲ್ಲಿ ಕಾಣುತ್ತಿದ್ದ ಕಳೆ, ರಿಟೈರ್ ಆದ ಮೇಲೆ ನಾನು ಕಂಡದ್ದೇ ಇರಲಿಲ್ಲ. ಹಾಳಾಗಿ ಹೋಗಲಿ, ಇವರನ್ನೊಮ್ಮೆ ಆರಿಸಿಯೇ ಬಿಡಲಿ ಎಂದು ನನಗೂ ಅನ್ನಿಸುತ್ತಿತ್ತು.

ನಿಯಮದ ಪ್ರಕಾರ ಎರಡು ವಾರ ಮೊದಲೇ ಮಾವ ಉಮೇದುವಾರಿಯ ನೋಟೀಸು ಕೊಟ್ಟರು. ಸೆಕ್ರೆಟರಿ ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನನ್ನು ಕರೆದರು. “ಹೇ ತುಮ್ಚೇ ಸಾಸರೇ ನಾ?” ಎಂದು ಕೇಳಿದರು. ಮನೆಯಲ್ಲಿ ಮಾವ, ಇಲ್ಲಿ ಸದಸ್ಯರು ಎಂದೆ. ಅವರು ನಕ್ಕು, ನಿಲ್ಲಲಿ ಬಿಡಿ, ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದರು. ಅವರ ನಗುವಿಗೆ ಕಾರಣವಿತ್ತು. ಷೇರಿನ ಲೆಕ್ಕದಲ್ಲಿ ಮತ ಹಾಕಿದರೆ ಚೇರ್ಮನ್ನರ ಸೋದರತ್ತೆಯೊಬ್ಬರೇ ನಮ್ಮ ಮಾವನಂಥ ನೂರು ಜನರನ್ನು ಉಡಿಯಲ್ಲಿ ಕಟ್ಟಿಕೊಳ್ಳುವಷ್ಟಿದ್ದರು. ಮಾವ ಗೆಲ್ಲಬೇಕಾದರೆ ಆ ಮನೆಯವರು ಸಭೆಗೆ ಬಾರದಿರಬೇಕು. ಅದು ಆಗದ ಮಾತು ಎಂದು ಎಲ್ಲರೂ ತಿಳಿದಿದ್ದೆವು.

ಆಗದ ಮಾತನ್ನು ಆಗುವಂತೆ ಮಾಡಿದವರು ಸಾಹೇಬರೇ. ಕಂಪನಿ ಕಟ್ಟಿದ ಹಿರಿಯರ ತಿಥಿ ಅಷ್ಟಮಿ. ಪಿತೃಪಕ್ಷದ ಅಷ್ಟಮಿಯ ದಿನ ಚೇರ್ಮನ್ನರ ಮನೆಯಲ್ಲಿ ಅವರ ಶ್ರಾದ್ಧ. ಸಭೆಯ ದಿನ ಅದಕ್ಕೆ ಅಡ್ಡ ಬರಬಾರದು. ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರದ ಚೌಕದಲ್ಲಿ ಅಷ್ಟಮಿ ಎಂದಿತ್ತು. ಸಾಹೇಬರು ಜಾಣತನದಿಂದ ಒಂದು ದಿನ ಮೊದಲು, ಬುಧವಾರ, ಸಭೆ ಇಟ್ಟರು. ಆದರೆ ಕ್ಯಾಲೆಂಡರಿನಲ್ಲಿ ಇದ್ದದ್ದು ಸೂರ್ಯೋದಯದ ತಿಥಿ. ಶ್ರಾದ್ಧಕ್ಕೆ ನೋಡುವುದು ಮಧ್ಯಾಹ್ನದ ತಿಥಿ. ಬುಧವಾರ ಬೆಳಿಗ್ಗೆಯೇ ಸಪ್ತಮಿ ಮುಗಿದು, ಎಲೆ ಹಾಕುವ ಹೊತ್ತಿಗೆ ಅಷ್ಟಮಿ ಬಂದಿರುತ್ತಿತ್ತು. ಕಂಪನಿ ಕಾಯಿದೆಯ ಕಲಮುಗಳನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದ ಸಾಹೇಬರು ಭಟ್ಟರನ್ನು ಒಂದು ಮಾತು ಕೇಳಿರಲಿಲ್ಲ. ಭಟ್ಟರು ಹೇಳುವ ಹೊತ್ತಿಗೆ ನೋಟೀಸುಗಳು ಊರೆಲ್ಲ ಹಂಚಿ ಆಗಿತ್ತು.

ಬುಧವಾರ ಬೆಳಿಗ್ಗೆ ಚೇರ್ಮನ್ನರ ಫೋನ್ ಬಂತು. ಫೋನಿನಲ್ಲಿ ಅವರೇನು ಅಂದರೋ ನನಗೆ ಕೇಳಿಸಲಿಲ್ಲ, ಸಾಹೇಬರ ಕಿವಿ ಮಾತ್ರ ಕೆಂಪಾಯಿತು. ಬ್ರಾಹ್ಮಣರ ಊಟ ಮುಗಿಯುವ ತನಕ ಒಂದು ನರಪಿಳ್ಳೆಯೂ ಹೊಸಿಲು ದಾಟಕೂಡದೆಂದು ಚೇರ್ಮನ್ನರ ತಾಯಿ ಅಪ್ಪಣೆ ಮಾಡಿದ್ದರಂತೆ. ಕೊನೆಗೆ ಸಾಹೇಬರೇ ಸಮಾಧಾನ ಮಾಡಿಕೊಂಡರು: ಎರಡು ಗಂಟೆಗೆ ಯಾರೂ ಬರುವುದಿಲ್ಲ, ಅರ್ಧ ಗಂಟೆ ಕಾದು ಕೋರಂ ಇಲ್ಲವೆಂದು ಬರೆದರೆ ಸಭೆ ತಾನಾಗಿ ಮುಂದಿನ ಬುಧವಾರಕ್ಕೆ ಹೋಗುತ್ತದೆ. ಮುಂದಿನ ಬುಧವಾರ ಮನೆಮಂದಿಯೆಲ್ಲ ಬಂದು ಕೂರುತ್ತಾರೆ.

ಎರಡಕ್ಕೆ ಸರಿಯಾಗಿ ಕಾರ್ಯಾಲಯದೊಳಗೆ ಬಂದವರು ನಮ್ಮ ಮಾವ. ತಲೆಗೆ ಕರಿ ಟೋಪಿ, ಮೈಗೆ ಇಸ್ತ್ರಿ ಮಾಡಿದ ಕೋಟು. ಅವರ ಹಿಂದೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ವಿಜಾಪುರ ಕಡೆಯ ಸಾವಕಾರರು, ಖಡಕಿಯಲ್ಲಿ ಮಾವನ ಜೊತೆಗಿದ್ದ ಹಳೆಯ ಸಹೋದ್ಯೋಗಿ, ಸದಾಶಿವ ಪೇಠದಲ್ಲಿ ಕ್ಲಾಸು ನಡೆಸುವ ಒಬ್ಬ ಮರಾಠಿ ಮಾಸ್ತರರು. ಷೇರುದಾರರಾದ ಈ ಮೂವರ ಮನೆಗೂ ಮಾವ ಮೂರು ಮೂರು ಸಲ ಹೋಗಿ ಕೈಮುಗಿದು ಬಂದಿದ್ದರು. ಎಲ್ಲರ ಹಿಂದೆ ಇಳಕಲ್ ಸೀರೆಯುಟ್ಟ ನಮ್ಮ ಅತ್ತೆ. ಅವರಿಗೆ ಮಾವ ಬೆಳಿಗ್ಗೆ ಹೇಳಿದ್ದು ಇಷ್ಟೇ: “ಲಗೂ ತಯಾರಾಗು, ಹೊತ್ತಾಗ್ತದ.”

ಮುಂದಿನ ಸಾಲು ಖಾಲಿ ಇದ್ದದ್ದನ್ನು ಕಂಡು ಮಾವನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಬೆರಳು ಮಡಚಿ ತಮ್ಮವರನ್ನು ಎಣಿಸಿದರು. ಐದು! ಡೈರೆಕ್ಟರುಗಳು ಯಾರೂ ಇಲ್ಲದಿದ್ದರೆ ಬಂದ ಸದಸ್ಯರೇ ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡು ಚುನಾವಣೆ ನಡೆಸಬಹುದು. ಮಾಸ್ತರರು ಆಗಲೇ ಅಧ್ಯಕ್ಷರ ಕುರ್ಚಿಯ ಧೂಳು ಒರೆಸುತ್ತಿದ್ದರು. ಸಾಹೇಬರ ಮುಖ ಬಿಳಿಚಿಕೊಂಡಿತು. ಅವರು ನನ್ನ ಮುಂದಿದ್ದ ರಿಜಿಸ್ಟರು ಎಳೆದುಕೊಂಡು ಒಂದೊಂದೇ ಹೆಸರು ನೋಡತೊಡಗಿದರು. ಮಾವನ ಪುಟ ಬಂದಾಗ ಅವರ ಮುಖಕ್ಕೆ ರಕ್ತ ಹೇಗೆ ತಿರುಗಿ ಬಂತೆಂಬುದನ್ನು ನಾನು ಇವತ್ತೂ ಮರೆತಿಲ್ಲ.

“ಚಾರಚ್!” ಎಂದರು. ನಾಲ್ಕೇ. ಜೋಡು ಹೆಸರಿನ ಷೇರಿಗೆ ಎಷ್ಟು ಜನ ಬಂದರೂ ಒಬ್ಬ ಸದಸ್ಯ ಎಂದೇ ಲೆಕ್ಕ, ಕಂಪನಿಯ ನಿಯಮಾವಳಿಯಲ್ಲೇ ಹಾಗಿದೆ ಎಂದು ಓದಿ ತೋರಿಸಿದರು.

ಅತ್ತೆಗೆ ಮರಾಠಿ ತಿಳಿಯುತ್ತಿತ್ತು, ಆದರೂ ನನ್ನತ್ತ ತಿರುಗಿದರು. “ಏನಂತಾನ ಇಂವಾ? ನಾ ಇಲ್ಲೇ ಕೂತೀನಲ್ಲ!”

“ನೀವು ಕೂತೀರಿ ಅತ್ತಿ, ಆದ್ರ ಲೆಕ್ಕಕ್ಕಿಲ್ಲ. ನೀವಿಬ್ರೂ ಕೂಡಿ ಒಬ್ರಂತ,” ಎಂದೆ. ಹೇಳುವಾಗ ನನಗೇ ಸಿಟ್ಟು ಬಂತು.

ಮಾವ ಗಡಿಯಾರ ನೋಡಿದರು. ಎರಡೂವರೆಯೊಳಗೆ ಇನ್ನೊಬ್ಬ ಸದಸ್ಯ ಬಂದು ಕೂತರೆ ಅವರು ಡೈರೆಕ್ಟರು, ಇಲ್ಲವಾದರೆ ಇಲ್ಲ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಎದ್ದದ್ದು ಅತ್ತೆ. ನನ್ನ ರಟ್ಟೆ ಹಿಡಿದು, “ಏಳವ್ವ, ಇಲ್ಲೇ ಹತ್ತರದಾಗ ಷೇರಿನವರ ಮನಿ ಯಾವ್ಯಾವ ಅವ ತೋರಸು,” ಎಂದರು. ಸಾಹೇಬರು ಕಣ್ಣು ಬಿಟ್ಟರು. ನೌಕರಿ ಹೋದರೆ ಹೋಗಲಿ ಎಂದು ನಾನೂ ಹೊರಟೆ.

ಸದಾಶಿವ ಪೇಠ ಗೊರಕೆ ಹೊಡೆಯುತ್ತಿತ್ತು. ರಿಕ್ಷಾದವನು ಕೂಡ ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ಮಲಗಿದ್ದ. ಮೊದಲ ವಾಡೆಯಲ್ಲಿ ನಾವು ಕೇಳಿದ ಸದಸ್ಯರು ತೀರಿಕೊಂಡು ಎಂಟು ವರ್ಷವಾಗಿತ್ತು. ನಿಮ್ಮ ಕಂಪನಿಯ ವರದಿ ಪ್ರತಿ ವರ್ಷ ತಪ್ಪದೆ ಬರುತ್ತದೆ, ಕಾಗದ ದಪ್ಪ ಇದೆ, ಡಬ್ಬಿಗಳ ಕೆಳಗೆ ಹಾಸಲು ಚೆನ್ನಾಗಿದೆ ಎಂದು ಸೊಸೆ ಮೆಚ್ಚಿಕೊಂಡಳು. ಎರಡನೆಯ ಮನೆಗೆ ಬೀಗ. ಯಾರದೋ ಶ್ರಾದ್ಧದ ಊಟಕ್ಕೆ ಹೋಗಿದ್ದರು. ಮೂರನೆಯ ಮನೆಯ ಬಾಗಿಲಿಗೆ ಒಂದು ಹಲಗೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು, ಒತ್ತಿದವರಿಗೆ ಬಾಗಿಲು ತೆರೆಯಲಾಗುವುದಿಲ್ಲ, ತೆರೆದರೆ ಅಪಮಾನಕ್ಕೆ ಸಿದ್ಧರಿರಬೇಕು. ಅತ್ತೆ ಹಲಗೆಯನ್ನು ಪೂರ್ತಿ ಓದಿ ಬೆಲ್ ಒತ್ತಿ ಹಿಡಿದರು.

ಬನಿಯನ್ನಿನಲ್ಲಿ ಹೊರಬಂದ ಮುದುಕರು ಜೀವಂತವಾಗಿದ್ದರು, ಸದಸ್ಯರೂ ಆಗಿದ್ದರು. ನನಗೆ ಕುಣಿಯಬೇಕೆನ್ನಿಸಿತು. ಹಲಗೆ ಓದಲು ಬರುತ್ತದೋ ಇಲ್ಲವೋ ಎಂಬಲ್ಲಿಂದ ಅವರು ಶುರು ಮಾಡಿದರು. ಅತ್ತೆ ತಮ್ಮ ಮುರುಕು ಮರಾಠಿಯಲ್ಲಿ ಎಲ್ಲ ವಿವರಿಸಿದರು: ಇಲ್ಲೇ ಮೂಲೆಯ ಕಾರ್ಯಾಲಯ, ಬಂದು ಸುಮ್ಮನೆ ಕೂತರೆ ಸಾಕು, ಬೇಕಾದರೆ ಅಲ್ಲೇ ಮಲಗಿ. ಮುದುಕರು ಚೇರ್ಮನ್ನರನ್ನು ಚೆನ್ನಾಗಿ ಬೈದರು, ಭಾವಮೈದುನರನ್ನು ಅದಕ್ಕಿಂತ ಚೆನ್ನಾಗಿ ಬೈದರು. ಅವರು ಬೈದ ಹೊತ್ತಿನಲ್ಲಿ ಕಾರ್ಯಾಲಯಕ್ಕೆ ಎರಡು ಸಲ ಹೋಗಿ ಬರಬಹುದಿತ್ತು. ಕೊನೆಗೆ, ಎಚ್ಚರವಂತೂ ಆಗಿದೆ, ಆದರೆ ನಾನು ಬರುವುದಿಲ್ಲ, ಬಂದರೆ ನನ್ನ ಹಲಗೆಗೆ ಏನು ಅರ್ಥ ಉಳಿಯಿತು ಎಂದು ಕೇಳಿ, ಬಾಗಿಲು ಹಾಕಿಕೊಂಡರು.

ನಾವು ಬೆವರು ಒರೆಸಿಕೊಳ್ಳುತ್ತ ಮರಳಿದಾಗ ಸಾಹೇಬರು ಕೈಗಡಿಯಾರ ಎತ್ತಿ ಹಿಡಿದು, ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ ಎಂದು ನಾಲ್ಕು ಜನರಿಗೂ ನಮ್ಮ ಅತ್ತೆಗೂ ಓದಿ ಹೇಳಿದರು. ನನ್ನ ಅರ್ಧ ದಿನದ ರಜೆ ಕತ್ತರಿಸಿದರು.

ಮುಂದಿನ ಬುಧವಾರ ಎರಡು ಕಾರುಗಳು ಬಂದವು. ಮಾವ ವಾರಗಟ್ಟಲೆ ಗಟ್ಟಿ ಮಾಡಿದ ಭಾಷಣವನ್ನು ಚೇರ್ಮನ್ನರು ಕಣ್ಣು ಮುಚ್ಚಿ ಆಲಿಸಿದರು. ಆಲಿಸುತ್ತ ಸಣ್ಣಗೆ ಗೊರಕೆಯನ್ನೂ ಹೊಡೆದರು. ಕೈ ಎತ್ತುವ ಹೊತ್ತು ಬಂದಾಗ ಮಾವನ ಪರವಾಗಿ ಅತ್ತೆಯೂ ಕೈ ಎತ್ತಿದರು. ಸಾಹೇಬರು ಎಲ್ಲರೆದುರು, ವಹಿನಿ, ಅಂದರೆ ಅತ್ತಿಗೆಯವರೇ, ಕೈ ಕೆಳಗೆ, ಮೊದಲ ಹೆಸರಿನವರ ಕೈ ಮಾತ್ರ ನಡೆಯುತ್ತದೆ ಎಂದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಂಬಯಿಯ ಭಾವಮೈದುನರು ಮುಂಬಯಿಯಲ್ಲಿದ್ದುಕೊಂಡೇ ಗೆದ್ದರು. ಅತ್ತೆ ವಡೆ ಮುಟ್ಟಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವರೇ ಮಾವನಿಗೆ ಹೇಳಿದರು, “ಅರ್ಧಾ ಷೇರು ನನ್ನ ಒಬ್ಬಾಕಿ ಹೆಸರಿಗೆ ಮಾಡಿ ಕೊಡ್ರಿ.”

ಇಲ್ಲಿ ಮಾವ ಏನು ಹೇಳಬಹುದೆಂದು ನಾನು ಎಣಿಸಿದ್ದೆನೋ ಅದನ್ನು ಅವರು ಹೇಳಲಿಲ್ಲ. ತಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಒಂದು ತಿಂಗಳು ಊರಿಗೆಲ್ಲ ಭಾಷಣ ಮಾಡಿದ ಮನುಷ್ಯ, “ಒಂದ ಮನಿಯೊಳಗ ಎರಡ ಯಾಕ? ನಂದೇನು ನಿಂದೇನು, ಎಲ್ಲಾ ಒಂದ ಅಲ್ಲೇನು?” ಎಂದರು. ಸೆಕ್ರೆಟರಿ ಸಾಹೇಬರು ಕೋಟು ಬದಲಿಸಿ ನಮ್ಮ ಮನೆಗೆ ಬಂದು ಕೂತಂತಾಯಿತು. ನನಗೆ ಅವರ ಮೇಲಿದ್ದ ಕರುಣೆಯಲ್ಲಿ ಅರ್ಧ ಅಲ್ಲೇ ಇಳಿದು ಹೋಯಿತು.

ಮರುದಿನ ಮಧ್ಯಾಹ್ನದ ಊಟಕ್ಕೆ ಅತ್ತೆ ಒಂದೇ ತಾಟು ಹಾಕಿದರು. ರೊಟ್ಟಿ, ಝುಣಕ, ಮೊಸರು, ಹಸಿಮೆಣಸಿನಕಾಯಿ ಚಟ್ನಿ. ಮಾವ ಕೈ ತೊಳೆದು ಬರುವಷ್ಟರಲ್ಲಿ ಅತ್ತೆಯೇ ಆ ತಾಟಿನ ಮುಂದೆ ಕೂತು ಉಣ್ಣತೊಡಗಿದ್ದರು. ನಾನು ಅಂದು ಮೈ ಹುಷಾರಿಲ್ಲವೆಂದು ರಜೆ ಹಾಕಿ ಮನೆಯಲ್ಲಿದ್ದೆ. ಇದನ್ನು ನೋಡಿ ಮೈ ಹುಷಾರಾಯಿತು. ಮಾವ ನಿಂತೇ ಇದ್ದರು. ಅತ್ತೆ ನಿಧಾನವಾಗಿ ಕೊನೆಯ ತುತ್ತು ಮುಗಿಸಿ, ನೀರು ಕುಡಿದು ಎದ್ದರು.

“ನನ್ನ ಊಟ?” ಎಂದರು ಮಾವ.

“ನಾ ಉಂಡೆನಲ್ರಿ. ನಿಮ್ಮ ಹೊಟ್ಟಿನೂ ತುಂಬಿರಬೇಕು. ನಾವಿಬ್ರೂ ಒಬ್ರ ಅಲ್ಲೇನು?”

ಸಂಜೆ ಚಹದ ಹೊತ್ತಿಗೆ ಮಾವ ವರ್ಗಾವಣೆಯ ಕಾಗದಕ್ಕೆ ಸಹಿ ಮಾಡಿದರು. ನಾನೇ ಅದನ್ನು ಆಫೀಸಿಗೆ ಒಯ್ದು, ಹೊಸ ಪುಟದಲ್ಲಿ ಅತ್ತೆಯ ಹೆಸರನ್ನು ಯಾರ ಹಿಂದೆಯೂ ಅಲ್ಲದೆ ಒಂಟಿಯಾಗಿ, ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ. ಬೋರ್ಡು ಅದನ್ನು ತಕರಾರಿಲ್ಲದೆ ಮಂಜೂರು ಮಾಡಿತು. ಒಬ್ಬ ಹೆಂಗಸಿನ ಹೆಸರು ಕೂಡಿದ್ದರಿಂದ ಅವರಿಗೇನೂ ತೊಂದರೆಯಿರಲಿಲ್ಲ.

ಮರುವರ್ಷ ಮಾವ ಮತ್ತೆ ನಿಂತರು. ಈ ಸಲ ನಿವೃತ್ತಿಯ ಸರದಿ ಚೇರ್ಮನ್ನರ ತಮ್ಮನದು. ಸಾಹೇಬರು ಭಟ್ಟರನ್ನು ಎರಡು ಸಲ ಕೇಳಿ ದಿನ ಗೊತ್ತು ಮಾಡಿದ್ದರು, ಹಾಗಾಗಿ ಗೆಲ್ಲುವ ಆಸೆಯೇನೂ ಇರಲಿಲ್ಲ. ಆದರೂ ಮಾವ ಬಿಸಿಲಲ್ಲಿ ಮಾರ್ಕೆಟ್ ಯಾರ್ಡಿಗೆ ಹೋಗಿ ಸಾವಕಾರರ ಗಾದಿಯ ಮುಂದೆ ಕೂತು ಬಂದರು, ಬಸ್ಸು ಹಿಡಿದು ಖಡಕಿಗೆ ಹೋಗಿ ಬಂದರು, ಮಾಸ್ತರರ ಕ್ಲಾಸು ಬಿಡುವ ತನಕ ಮೆಟ್ಟಿಲ ಮೇಲೆ ಕಾದರು. ನಮ್ಮವೇ ಐದು ಕೈಗಳಿರಬೇಕು, ಸೋತರೂ ಮಾನದಿಂದ ಸೋಲಬೇಕು ಎನ್ನುತ್ತಿದ್ದರು.

ಸಭೆಯ ದಿನ ಅತ್ತೆ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ತಾವೇ ಸಹಿ ಮಾಡಿ ಒಳಗೆ ಹೋದರು. ಮಾವನ ಹೆಸರು ಓದಿದಾಗ ಸಾವಕಾರರ ಕೈ ಎದ್ದಿತು, ಖಡಕಿಯವರ ಕೈ ಎದ್ದಿತು, ಮಾಸ್ತರರದು ಎದ್ದಿತು. ಮಾವನದೂ ಎದ್ದಿತು. ಸಾಹೇಬರು ಅತ್ತೆಯತ್ತ ನೋಡಿ, ವಹಿನಿ, ಈಗ ನೀವು ಎತ್ತಬಹುದು ಎಂದು ತಾವಾಗಿಯೇ ನೆನಪಿಸಿದರು. ಅತ್ತೆಯ ಕೈಗಳು ಮಡಿಲಲ್ಲೇ ಇದ್ದವು.

ಮಾವ ಮನೆಯ ತಿರುವಿನ ತನಕ ತಡೆದುಕೊಂಡರು. “ಅಲ್ಲಾ, ಮಂದಿ ಎಲ್ಲಾ ಎತ್ತಿದ್ರು, ನೀನ ಎತ್ತಲಿಲ್ಲಲ್ಲ!” ಎಂದರು.

“ಸಾವಕಾರರ ಕಡೆ ಹೋಗಿ ವೋಟ್ ಕೇಳಿದ್ರಿ, ಖಡಕಿಗೆ ಹೋಗಿ ಕೇಳಿದ್ರಿ, ಮಾಸ್ತರರಿಗೆ ಕೈ ಮುಗದು ಕೇಳಿದ್ರಿ,” ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. “ಅಡಗಿಮನಿಗೆ ಬಂದು ನನ್ನ ಕೇಳಿದ್ರೇನು?”

ಮಾವ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು. “ನಿನ್ನ ಏನ್ ಕೇಳೂದು?”

“ಅದಕ್ಕ ನಾ ಕೈ ಎತ್ತಲಿಲ್ಲ,” ಎಂದು ಹೇಳಿ ಅತ್ತೆ ಮುಂದೆ ನಡೆದರು.